ಎರಡು ಕಣ್ಣಿನ ಕ್ಯಾಮೆರಾ: ಕೈಗೆಟಕುವ ಬೆಲೆಯಲ್ಲಿ ಕೊಳ್ಳುವುದು, ಕೆಡದಂತೆ ಇಟ್ಟುಕೊಳ್ಳುವುದು

(ಹಳೆಯ ಕ್ಯಾಮೆರಾಗಳಲ್ಲಿ ಆಸಕ್ತಿ ಇರುವ ಗೆಳೆಯರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಸ್ನೇಹಿತರೇ,

ಇವತ್ತು ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಟಿಎಲ್‌ಆರ್ (ಟ್ವಿನ್ ಲೆನ್ಸ್ ರಿಫ್ಲೆಕ್ಸ್, ಅಂದರೆ ಎರಡು ಲೆನ್ಸಿನ) ಕ್ಯಾಮೆರಾ ಕೊಳ್ಳಬೇಕೆಂದು ನೀವು ಎಷ್ಟೇ ಹಣ ಕೂಡಿಟ್ಟಿರಲಿ, ಅದರಲ್ಲಿ ಮೂರನೇ ಒಂದು ಪಾಲನ್ನು ಕ್ಯಾಮೆರಾಕ್ಕೆ ಕೊಡಬೇಡಿ, ಸರ್ವಿಸ್‌ಗೆ ಎತ್ತಿಡಿ. ಈ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಐವತ್ತು, ಅರವತ್ತು ವರ್ಷ ವಯಸ್ಸು. ಅಷ್ಟು ಕಾಲದ ಜಿಡ್ಡು, ಧೂಳು, ತೇವ ಅವುಗಳ ಒಳಗೆ ಸೇರಿಕೊಂಡಿವೆ. ದೊಡ್ಡ ಹೆಸರಿನ ಕ್ಯಾಮೆರಾವನ್ನು ಇದ್ದಬದ್ದ ಹಣವೆಲ್ಲ ಸುರಿದು ತಂದು, ಷಟರ್ (ಫಿಲ್ಮ್‌ಗೆ ಬೆಳಕು ಬಿಡುವ ಬಾಗಿಲು) ಸಿಕ್ಕಿಕೊಂಡು ಕೂತಿದೆ ಎಂದು ಗೊತ್ತಾದಾಗ ರಿಪೇರಿಗೆ ಕಾಸಿಲ್ಲದೆ ಶೋಕೇಸಿನಲ್ಲಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಸಾಧಾರಣ ಹೆಸರಿನ ಕ್ಯಾಮೆರಾವನ್ನು ಒಳ್ಳೆಯ ಮೆಕ್ಯಾನಿಕ್ ಕೈಗೆ ಕೊಟ್ಟು ಸರಿ ಮಾಡಿಸಿಕೊಂಡವರು ಈಗಲೂ ಚಿತ್ರ ತೆಗೆಯುತ್ತಿದ್ದಾರೆ.

ಹೊಸಬರು ಕೆಲವರು ಬಂದಿದ್ದೀರಿ, ಆದ್ದರಿಂದ ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಮೇಲೊಂದು, ಕೆಳಗೊಂದು, ಹೀಗೆ ಎರಡು ಲೆನ್ಸ್. ಕೆಳಗಿನದು ಫಿಲ್ಮ್‌ಗೆ, ಮೇಲಿನದು ನಮ್ಮ ಕಣ್ಣಿಗೆ. ಎರಡನ್ನೂ ಒಂದೇ ಫಲಕಕ್ಕೆ ಕೂರಿಸಿರುತ್ತಾರೆ. ಪಕ್ಕದ ಗುಂಡಿ ತಿರುಗಿಸಿದರೆ ಎರಡೂ ಒಟ್ಟಿಗೆ ಮುಂದೆ ಹಿಂದೆ ಸರಿಯುತ್ತವೆ. ಮೇಲಿನ ಲೆನ್ಸ್‌ನ ಹಿಂದೆ 45 ಡಿಗ್ರಿ ಓರೆಯಲ್ಲಿ ಒಂದು ಕನ್ನಡಿ ಇದೆ, ಅದು ಬಿಂಬವನ್ನು ನೆತ್ತಿಯ ಮೇಲಿನ ಮಸುಕು ಗಾಜಿಗೆ ಎಸೆಯುತ್ತದೆ. ನಾವು ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಅದನ್ನು ನೋಡುತ್ತೇವೆ. ಬಿಂಬದ ಎಡಬಲ ಅದಲುಬದಲಾಗಿರುತ್ತದೆ. ಮೊದಮೊದಲು ತಬ್ಬಿಬ್ಬಾಗುತ್ತದೆ, ಆಮೇಲೆ ಕೈಗೆ ಒಗ್ಗುತ್ತದೆ. ಕನ್ನಡಿ ಕದಲುವುದಿಲ್ಲ, ಆದ್ದರಿಂದ ಚಿತ್ರ ತೆಗೆಯುವ ಕ್ಷಣದಲ್ಲೂ ಕಣ್ಣಿಗೆ ಕತ್ತಲೆ ಕವಿಯುವುದಿಲ್ಲ. ಷಟರ್ ಕೆಳಗಿನ ಲೆನ್ಸ್‌ನ ಒಳಗೇ ಇರುವುದರಿಂದ ಸದ್ದು ಬಹಳ ಕಡಿಮೆ, ಕೈ ನಡುಗಿಸುವ ಹೊಡೆತವೂ ಇಲ್ಲ. ಎದುರಿಗಿರುವವರ ಮುಖಕ್ಕೆ ಅಡ್ಡವಾಗಿ ನಾವು ಏನನ್ನೂ ಹಿಡಿದಿರುವುದಿಲ್ಲ. ಹೊಮೈ ವ್ಯಾರಾವಾಲಾ ಅವರ ಕೈಯಲ್ಲಿ ರೋಲಿಫ್ಲೆಕ್ಸ್ ಎಂಬ ಇಂತಹ ಕ್ಯಾಮೆರಾ ಇರುವ ಚಿತ್ರಗಳನ್ನು ನೀವು ನೋಡಿರಬಹುದು. ಸ್ವಾತಂತ್ರ್ಯದ ಕಾಲದ ದೆಹಲಿಯನ್ನು ಚಿತ್ರಿಸಿದ ಆ ಪತ್ರಿಕಾ ಛಾಯಾಗ್ರಾಹಕಿಗೆ ಗದ್ದಲವಿಲ್ಲದ ಈ ಕ್ಯಾಮೆರಾ ಒಪ್ಪುತ್ತಿತ್ತು ಎನ್ನುವುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿ ಫಿಲ್ಮ್‌ನ ಅಳತೆ. 120 ಎಂಬ ಅಗಲದ ರೋಲ್ ಫಿಲ್ಮ್‌ನಲ್ಲಿ ಇವು ಸುಮಾರು 56 ಮಿ.ಮೀ. ಉದ್ದಗಲದ ಚೌಕ ನೆಗೆಟಿವ್ ಕೊಡುತ್ತವೆ, ರೋಲಿಗೆ 12 ಚಿತ್ರ. ಮಾಮೂಲಿ 35 ಮಿ.ಮೀ. ನೆಗೆಟಿವ್‌ನ ಅಳತೆ 24 x 36 ಮಿ.ಮೀ. ಲೆಕ್ಕ ಹಾಕಿ ನೋಡಿ, ಮೂರೂವರೆ ಪಟ್ಟಿಗೂ ಹೆಚ್ಚು ವಿಸ್ತಾರ. ಅಗ್ಗದ ಟಿಎಲ್‌ಆರ್‌ನ ಗುಟ್ಟು ಇಲ್ಲಿದೆ. ನೆಗೆಟಿವ್ ಇಷ್ಟು ದೊಡ್ಡದಿರುವಾಗ ಲೆನ್ಸ್ ತೀರಾ ಶ್ರೇಷ್ಠ ದರ್ಜೆಯದಾಗಬೇಕಿಲ್ಲ. ಸಾಧಾರಣ ಲೆನ್ಸ್ ಕೂಡ ಹತ್ತು ಇಂಚಿನ ಚೌಕ ಪ್ರಿಂಟ್‌ನಲ್ಲಿ ಕಣ್ಣು ತುಂಬುವಷ್ಟು ವಿವರ ಕೊಡುತ್ತದೆ.

ಈಗ ಬೆಲೆಯ ಕಥೆಗೆ ಬರೋಣ. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದಲ್ಲಿ ಪೌಲ್ ಫ್ರಾಂಕೆ ಮತ್ತು ರೈನ್‌ಹೋಲ್ಡ್ ಹೈಡೆಕೆ 1920ರಲ್ಲಿ ಕಂಪನಿ ಕಟ್ಟಿದರು. 1929ರಲ್ಲಿ ಅವರ ರೋಲಿಫ್ಲೆಕ್ಸ್ ಹೊರಬಂತು. ಇಂದು ನಾವು ಟಿಎಲ್‌ಆರ್ ಎಂದ ಕೂಡಲೇ ಕಣ್ಣ ಮುಂದೆ ಬರುವ ಆಕಾರ ಅದರದೇ. ಆದರೆ ಅದು ದುಬಾರಿ. ನಾಲ್ಕೇ ವರ್ಷದಲ್ಲಿ, 1933ರಲ್ಲಿ, ಅದೇ ಕಂಪನಿ ಕಡಿಮೆ ಬೆಲೆಯ ರೋಲಿಕಾರ್ಡ್ ತಂದಿತು. ಫಿಲ್ಮ್ ಸುತ್ತಲು ಹ್ಯಾಂಡಲ್ ಬದಲು ಗುಂಡಿ, ನಾಲ್ಕು ಗಾಜಿನ ಟೆಸ್ಸಾರ್ ಬದಲು ಮೂರು ಗಾಜಿನ ಟ್ರಯೋಟಾರ್ ಲೆನ್ಸ್. ಅಂದರೆ ಕೈಗೆಟಕುವ ಟಿಎಲ್‌ಆರ್ ಎಂಬುದು ಬಡವರಿಗಾಗಿ ಆಮೇಲೆ ಯಾರೋ ಮಾಡಿದ ನಕಲಲ್ಲ, ಮೂಲ ತಯಾರಕರೇ ಬೇಕೆಂದು ಹುಟ್ಟುಹಾಕಿದ ತಳಿ. ಎರಡನೇ ಮಹಾಯುದ್ಧದ ನಂತರ ಜಪಾನ್ ಇದನ್ನು ಕೈಗೆತ್ತಿಕೊಂಡಿತು. 1950ರಲ್ಲಿ ಬಂದ ಮೂರನೇ ಮಾದರಿಯ ರಿಕೋಫ್ಲೆಕ್ಸ್ ಅಲ್ಲಿನ ಸಾಮಾನ್ಯರ ಕೈಗೆ ಕ್ಯಾಮೆರಾ ಕೊಟ್ಟಿತು. ಅದರ ಬೆನ್ನಿಗೇ ಐರೆಸ್‌ಫ್ಲೆಕ್ಸ್, ಬ್ಯೂಟಿಫ್ಲೆಕ್ಸ್, ಪ್ರೈಮೋಫ್ಲೆಕ್ಸ್ ಎಂದು ಸಾಲುಗಟ್ಟಿ ಬಂದವು. ನಗಾನೊ ಪ್ರಾಂತ್ಯದಲ್ಲಿ ಶುರುವಾದ ಯಾಶಿಮಾ ಎಂಬ ಸಣ್ಣ ಕಂಪನಿ 1953ರಲ್ಲಿ ಈ ಪೈಪೋಟಿಗೆ ಇಳಿಯಿತು. ಮುಂದೆ ಅದೇ ಯಾಶಿಕಾ.

ಯಾಶಿಕಾ ಹೆಸರು ನಮ್ಮವರಿಗೆ ಹೊಸದೇನಲ್ಲ. ಮದುವೆ ಮನೆಗೆ ಕರೆಸಿದ ಫೋಟೊಗ್ರಾಫರ್ ಎದೆಯ ಮೇಲೆ ತೂಗುತ್ತಿದ್ದದ್ದು ಎಷ್ಟೋ ಊರುಗಳಲ್ಲಿ ಯಾಶಿಕಾ, ಇಲ್ಲವೇ ರೋಲಿಕಾರ್ಡ್. ಮನೆಯ ಹಳೆಯ ಆಲ್ಬಮ್ ತೆರೆದು ನೋಡಿ. ಅಂಗೈಗಿಂತ ಚಿಕ್ಕದಾದ, ಸುತ್ತ ಬಿಳಿ ಅಂಚು ಬಿಟ್ಟ ಚೌಕ ಕಪ್ಪುಬಿಳುಪು ಫೋಟೊಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂತಹ ನೆಗೆಟಿವನ್ನು ಪೇಪರ್ ಮೇಲೆ ನೇರವಾಗಿ ಇಟ್ಟು ತೆಗೆದ ಕಾಂಟ್ಯಾಕ್ಟ್ ಪ್ರಿಂಟ್‌ಗಳು. ಭೂತಗನ್ನಡಿ ಹಿಡಿದು ನೋಡಿದರೆ ಅಜ್ಜಿಯ ಸೀರೆಯ ಅಂಚಿನ ನೇಯ್ಗೆ ಕೂಡ ಕಾಣುತ್ತದೆ.

ಯಾವುದನ್ನು ಕೊಳ್ಳಬೇಕು? ನನ್ನ ಮೊದಲ ಆಯ್ಕೆ ಯಾಶಿಕಾ ಡಿ. ಹಿಂಜರಿಕೆಯೇ ಇಲ್ಲದೆ ಹೇಳುತ್ತೇನೆ. 80 ಮಿ.ಮೀ. ಎಫ್3.5 ಲೆನ್ಸ್ (ಎಫ್ ಅಂಕಿ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂದು ಹೇಳುತ್ತದೆ; ಅಂಕಿ ಹೆಚ್ಚಿದಷ್ಟೂ ಬಾಯಿ ಕಿರಿದು), ಒಂದು ಸೆಕೆಂಡಿನಿಂದ 1/500ರವರೆಗಿನ, ಕೊಪಾಲ್ ಕಂಪನಿಯ ಷಟರ್. ಫಿಲ್ಮ್ ಸುತ್ತುವುದಕ್ಕೆ ಗುಂಡಿ, ಷಟರ್ ಏರಿಸುವುದಕ್ಕೆ, ಅಂದರೆ ಅದರ ಸ್ಪ್ರಿಂಗ್ ಬಿಗಿಯುವುದಕ್ಕೆ, ಬೇರೆಯೇ ಒಂದು ಸಣ್ಣ ಸನ್ನೆ. ಬಹುಪಾಲು ಕ್ಯಾಮೆರಾಗಳಲ್ಲಿ ಮೂರು ಗಾಜಿನ ಯಾಶಿಕಾರ್ ಲೆನ್ಸ್ ಇದೆ. ಕೊನೆಯ ವರ್ಷಗಳಲ್ಲಿ ತಯಾರಾದವುಗಳಲ್ಲಿ ನಾಲ್ಕು ಗಾಜಿನ ಯಾಶಿನಾನ್. ಮೂರು ಗಾಜು ಎಂದ ಕೂಡಲೇ ಮೂಗು ಮುರಿಯಬೇಡಿ. ಎಫ್8 ಅಥವಾ ಎಫ್11ಕ್ಕೆ ಇಳಿಸಿದಾಗ ಯಾಶಿಕಾರ್ ಮತ್ತು ಯಾಶಿನಾನ್ ನಡುವಿನ ವ್ಯತ್ಯಾಸ ಸಾಮಾನ್ಯ ಪ್ರಿಂಟ್‌ನಲ್ಲಿ ಕಾಣುವುದೇ ಕಷ್ಟ. ಪೂರ್ತಿ ತೆರೆದಾಗ ಯಾಶಿಕಾರ್‌ನ ಮೂಲೆಗಳು ಸ್ವಲ್ಪ ಮೆತ್ತಗಾಗುತ್ತವೆ. ವ್ಯಕ್ತಿಚಿತ್ರ ತೆಗೆಯುವವರಿಗೆ ಅದು ವರವೇ.

ಅದೇ ಕಂಪನಿಯ ಯಾಶಿಕಾ ಮ್ಯಾಟ್ 124ಜಿ ಹೆಚ್ಚು ಪ್ರಸಿದ್ಧ. 1970ರಿಂದ 1986ರವರೆಗೆ ತಯಾರಾಯಿತು, ಎಲ್ಲರಿಗೂ ಗೊತ್ತು, ಹಾಗಾಗಿ ಬೆಲೆಯೂ ಏರಿದೆ. ಜಿ ಎಂದರೆ ಗೋಲ್ಡ್. ಬೆಳಕು ಅಳೆಯುವ ಮೀಟರ್‌ನ ವಿದ್ಯುತ್ ಸಂಪರ್ಕಗಳಿಗೆ ಚಿನ್ನದ ಲೇಪ ಕೊಟ್ಟಿದ್ದರು. ಚಿತ್ರ ತೆಗೆಯುವ ಲೆನ್ಸ್ ಮಾತ್ರ 1957ರಿಂದ ಬರುತ್ತಿದ್ದ ಹಳೆಯ ಯಾಶಿಕಾ ಮ್ಯಾಟ್‌ಗಳಲ್ಲಿ ನಮಗೆ ಹೆಚ್ಚಾಗಿ ಸಿಗುವ ಅದೇ 80 ಮಿ.ಮೀ. ಯಾಶಿನಾನ್. ಮೀಟರ್‌ಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ತಯಾರಿಕೆ ನಿಂತೇಹೋಗಿದೆ. ಹೀಗಿರುವಾಗ ಕೆಲಸ ಮಾಡುವುದೋ ಇಲ್ಲವೋ ತಿಳಿಯದ ಮೀಟರ್‌ಗಾಗಿ ಹೆಚ್ಚಿಗೆ ಹಣ ಏಕೆ ಕೊಡಬೇಕು? ಹಳೆಯ ಮ್ಯಾಟ್ ಕೊಳ್ಳಿ, ಉಳಿದ ಹಣಕ್ಕೆ ಫಿಲ್ಮ್ ಬರುತ್ತದೆ.

ಗುಂಡಿಯೋ ಹ್ಯಾಂಡಲೋ ಎಂಬ ಪ್ರಶ್ನೆಯಲ್ಲಿ ನನ್ನದು ಗುಂಡಿಯ ಪಕ್ಷ. ಹ್ಯಾಂಡಲ್ ತಿರುಗಿಸಿದರೆ ಫಿಲ್ಮ್ ಮುಂದೆ ಹೋಗುತ್ತದೆ, ಷಟರ್ ಏರುತ್ತದೆ, ಲೆಕ್ಕದ ಅಂಕಿ ಬದಲಾಗುತ್ತದೆ, ಬಳಸಲು ಸೊಗಸು. ಆದರೆ ಇಷ್ಟನ್ನೂ ಒಟ್ಟಿಗೆ ನಡೆಸುವ ಹಲ್ಲುಚಕ್ರಗಳು ಸವೆದಾಗ ಬಿಡಿಭಾಗ ಸಿಗುವುದಿಲ್ಲ. ಗುಂಡಿಯ ಕ್ಯಾಮೆರಾದಲ್ಲಿ ಕೆಡುವ ಭಾಗಗಳೇ ಕಡಿಮೆ. ಇದೇ ಕಾರಣಕ್ಕೆ ನನ್ನ ಎರಡನೇ ಆಯ್ಕೆ ಯುದ್ಧಾನಂತರದ ರೋಲಿಕಾರ್ಡ್. ಮೂರರಿಂದ ಐದನೇ ಮಾದರಿಯವರೆಗೆ ಯಾವುದಾದರೂ ಸರಿ. ಕೊನೆಯ ಐದು-ಬಿ ಮಾದರಿ 1977ರವರೆಗೂ ತಯಾರಾಗುತ್ತಿತ್ತು. ಅವುಗಳಲ್ಲಿ ಹೆಚ್ಚಾಗಿ ಸಿಗುವ ಕ್ಸೆನಾರ್ ಲೆನ್ಸ್ ನಾಲ್ಕು ಗಾಜಿನದು, ಬಹಳ ಚೂಪು. ಪ್ಲಾನಾರ್ ಲೆನ್ಸಿನ ರೋಲಿಫ್ಲೆಕ್ಸ್ 2.8 ಎಫ್ ಕೊಳ್ಳುವ ಹಣದಲ್ಲಿ ಹಲವು ರೋಲಿಕಾರ್ಡ್ ಬರುತ್ತವೆ. ಎಫ್11ರಲ್ಲಿ ತೆಗೆದ ಎರಡರ ಪ್ರಿಂಟ್ ಪಕ್ಕಪಕ್ಕ ಇಟ್ಟು ಯಾವುದು ಯಾವುದರದು ಎಂದು ಹೇಳಿ ಎಂದರೆ ಅನುಭವಿಗಳೂ ತಡವರಿಸುತ್ತಾರೆ.

ಮಿನೋಲ್ಟಾ ಆಟೋಕಾರ್ಡ್ ಬಗ್ಗೆ ನನಗೆ ಪ್ರೀತಿ ಇದೆ, ಭಯವೂ ಇದೆ. ಅದರ ರೊಕ್ಕೋರ್ ಲೆನ್ಸ್ ನಾಲ್ಕು ಗಾಜಿನ ಲೆನ್ಸ್‌ಗಳಲ್ಲಿ ಅತ್ಯುತ್ತಮವಾದವುಗಳ ಸಾಲಿಗೆ ಸೇರುತ್ತದೆ. ಫಿಲ್ಮ್ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ರೋಲಿಫ್ಲೆಕ್ಸ್‌ನಲ್ಲಿ ಹೊಸ ಫಿಲ್ಮ್ ಚೌಕಟ್ಟಿಗೆ ಬರುವ ಮುನ್ನ ಮೂಲೆಯೊಂದರಲ್ಲಿ ಮಡಚಿಕೊಳ್ಳುವಂತೆ ಇದರಲ್ಲಿ ಆಗುವುದಿಲ್ಲ, ಹಾಗಾಗಿ ಫಿಲ್ಮ್ ಚಪ್ಪಟೆಯಾಗಿ ಕೂರುತ್ತದೆ. ಭಯ ಕೆಳಗಿನ ಫೋಕಸ್ ಸನ್ನೆಯದು. ಗ್ರೀಸ್ ಗಟ್ಟಿಯಾದ ಕ್ಯಾಮೆರಾದಲ್ಲಿ ಬಲ ಹಾಕಿ ತಳ್ಳಿದರೆ ಅದು ಮುರಿಯುತ್ತದೆ, ಬದಲಿ ಸಿಗುವುದಿಲ್ಲ. ಸನ್ನೆ ಒಂದು ಬೆರಳಿನ ಒತ್ತಡಕ್ಕೆ ಸರಿದಾಡಿದರೆ ಕೊಳ್ಳಿ, ಇಲ್ಲವಾದರೆ ಕೈ ಹಚ್ಚದೆ ಮೇಜಿನ ಮೇಲೆ ಹಾಗೇ ಇಟ್ಟುಬಿಡಿ.

ಮಾಮಿಯಾ ಸಿ ಸರಣಿ ಬೇರೆ ಜಾತಿಯದು. ಲೆನ್ಸ್ ಜೋಡಿಯನ್ನೇ ಬದಲಿಸಬಹುದು, 55ರಿಂದ 250 ಮಿ.ಮೀ.ವರೆಗೆ. ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಯ ಚೀಲ) ಇರುವುದರಿಂದ ಹೂವಿನ ಹತ್ತಿರಕ್ಕೂ ಹೋಗಬಹುದು. ಭಾರ ಮಾತ್ರ ವಿಪರೀತ. ಹೆಗಲಿಗೆ ಹಾಕಿಕೊಂಡು ಜಾತ್ರೆ ಸುತ್ತುವ ಕ್ಯಾಮೆರಾ ಅಲ್ಲ. ಕೊಳ್ಳುವಾಗ ಕತ್ತಲೆ ಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಬಿಟ್ಟು ಬೆಲ್ಲೋಸ್‌ನ ಮಡಿಕೆಗಳಲ್ಲಿ ತೂತಿದೆಯೇ ನೋಡಬೇಕು. ಜೆಕೊಸ್ಲೊವಾಕಿಯಾದ ಫ್ಲೆಕ್ಸಾರೆಟ್, ಶಾಂಘೈನ ಸೀಗಲ್ ಕೂಡ ಇವೆ. ಫ್ಲೆಕ್ಸಾರೆಟ್ ಒಳ್ಳೆಯದು. ಸೀಗಲ್‌ನಲ್ಲಿ ಒಂದೊಂದು ಒಂದೊಂದು ಥರ, ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

ಲೆನಿನ್‌ಗ್ರಾಡ್‌ನ ಲುಬಿಟೆಲ್ ಬಗ್ಗೆ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಎಲ್ಲಕ್ಕಿಂತ ಅಗ್ಗವಾಗಿ ಸಿಗುವುದು ಅದೇ. ಜರ್ಮನಿಯ ಫೋಗ್ಟ್‌ಲೆಂಡರ್ ಬ್ರಿಲಿಯಂಟ್ ಕ್ಯಾಮೆರಾ ನೋಡಿ ಮಾಡಿದ್ದು, ಮೈ ಪೂರಾ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಮೇಲಿನ ಲೆನ್ಸಿನ ಅಂಚಿಗೂ ಕೆಳಗಿನ ಲೆನ್ಸಿನ ಅಂಚಿಗೂ ಹಲ್ಲುಗಳಿದ್ದು ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ನೋಡುವ ಗಾಜು ಪೂರ್ತಿ ಮಸುಕಲ್ಲ; ನಡುವೆ ಒಂದು ಚಿಕ್ಕ ಮಸುಕು ಚುಕ್ಕೆ, ಫೋಕಸ್ ಅಲ್ಲಿ ಮಾತ್ರ ತಿಳಿಯುತ್ತದೆ. ಹಿಂದೆ ಯಾರಾದರೂ ಲೆನ್ಸ್ ಬಿಚ್ಚಿ ಒಂದೆರಡು ಹಲ್ಲು ತಪ್ಪಿಸಿ ಕೂರಿಸಿದ್ದರೆ ಚಿತ್ರಗಳೆಲ್ಲ ಮಸುಕು. ಆದರೆ ಸರಿಯಾಗಿ ಕೂತ ಲುಬಿಟೆಲ್‌ನಿಂದ ಬಿಸಿಲಿನಲ್ಲಿ ತೆಗೆದ ಚಿತ್ರ ನೋಡಿದರೆ ಇದು ಅಷ್ಟು ಅಗ್ಗದ ಕ್ಯಾಮೆರಾ ಎಂದು ನಂಬುವುದು ಕಷ್ಟ. ಕಾಲೇಜು ಓದುವವರು ಇದರಿಂದ ಶುರು ಮಾಡಲಿ.

ಕೊಳ್ಳಬಾರದವು ಯಾವುವು? ಮೊದಲು ಫಿಲ್ಮ್ ಯಾವ ಅಳತೆ ಎಂದು ಕೇಳಿ. 620 ಫಿಲ್ಮ್‌ನ ಅಗಲ 120ರಷ್ಟೇ, ಆದರೆ ಅದನ್ನು ಸುತ್ತುವ ಸ್ಪೂಲ್ ಬೇರೆ. ಕತ್ತಲೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಸುತ್ತಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ. ಯಾಶಿಕಾ 44 ಮುದ್ದಾದ ಚಿಕ್ಕ ಕ್ಯಾಮೆರಾ, ಅದಕ್ಕೆ ಬೇಕಾದ 127 ಫಿಲ್ಮ್ ಸಿಗುವುದು ದುರ್ಲಭ. 1929ರ ಮೊದಲ ರೋಲಿಫ್ಲೆಕ್ಸ್ ಕೂಡ 117 ಫಿಲ್ಮ್‌ನದು, ಸಂಗ್ರಹಕ್ಕೆ ಸರಿ, ಬಳಕೆಗೆ ಅಲ್ಲ. ಕೊಡಾಕ್ ಡ್ಯುಯಾಫ್ಲೆಕ್ಸ್‌ನಂತಹವು ನೋಡಲು ಟಿಎಲ್‌ಆರ್. ಮೇಲಿನ ಲೆನ್ಸ್‌ಗೂ ಫೋಕಸ್‌ಗೂ ಸಂಬಂಧವೇ ಇಲ್ಲ.

ಈಗ ಕ್ಯಾಮೆರಾ ನಿಮ್ಮ ಮುಂದಿನ ಮೇಜಿನ ಮೇಲಿದೆ ಎಂದಿಟ್ಟುಕೊಳ್ಳಿ. ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ.

ಮಾರುವವರು ಉತ್ಸಾಹದಿಂದ ಷಟರ್ ಟಪಟಪ ಒತ್ತಿ ತೋರಿಸಲು ಬರುತ್ತಾರೆ. ದಯವಿಟ್ಟು ಬೇಡ ಎನ್ನಿ. ಜಿಡ್ಡು ಹಿಡಿದ ಷಟರ್ ಹತ್ತು ಸಲ ಒತ್ತಿದ ಮೇಲೆ ಸಡಿಲವಾಗಿ ಸರಿಯಾಗಿಯೇ ಓಡುತ್ತದೆ. ಮನೆಗೆ ತಂದು ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಕೂತಿರುತ್ತದೆ. ನಿಜ ಹೇಳುವುದು ದಿನದ ಮೊದಲ ಒತ್ತು. ಒಂದು ಸೆಕೆಂಡಿಗೆ ಇಟ್ಟು, ಕಿವಿಯ ಹತ್ತಿರ ಹಿಡಿದು ಒತ್ತಿ. ಒಳಗೆ ಪುಟ್ಟ ಹಲ್ಲುಚಕ್ರಗಳು ಒಂದೇ ಸಮನೆ ಗುಂಯ್‌ಗುಡುತ್ತಾ ಓಡಿ ಟಕ್ ಎಂದು ಮುಚ್ಚಬೇಕು. ನಡುವೆ ತಡವರಿಸಿದರೆ, ಅಥವಾ ಷಟರಿನ ತೆಳು ಎಲೆಗಳು ತೆರೆದು ಹಾಗೇ ನಿಂತರೆ, ಅದು ಸರ್ವಿಸ್ ಕೇಳುವ ಷಟರ್. ಹಾಗೆಂದು ಬಿಟ್ಟು ಬರಬೇಕಿಲ್ಲ, ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕು. ಬಿಸಿಲಿನಲ್ಲಿ ಬಳಸುವ 1/60, 1/125, 1/250 ಸರಿಯಿದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಹಳೆಯ ಷಟರ್‌ಗಳಲ್ಲಿ 1/500 ಸಾಮಾನ್ಯವಾಗಿ ಸ್ವಲ್ಪ ನಿಧಾನವೇ. ಕಪ್ಪುಬಿಳುಪು ಫಿಲ್ಮ್ ಅಷ್ಟನ್ನು ಸಹಿಸುತ್ತದೆ. ಸೆಲ್ಫ್ ಟೈಮರ್ ಸನ್ನೆಯನ್ನು ಮಾತ್ರ ಮುಟ್ಟಲೇಬೇಡಿ. ಅದು ಅರ್ಧದಲ್ಲಿ ನಿಂತರೆ ಷಟರ್ ಪೂರ್ತಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಹಿಂಬಾಗಿಲು ತೆರೆದು ಮೂಸಿ ನೋಡಿ. ಬೂಸಲು ವಾಸನೆ ಬಂದರೆ ಲೆನ್ಸ್ ಬಗ್ಗೆ ಅನುಮಾನ ಪಡಿ. ಎಣ್ಣೆಯ ವಾಸನೆ ಬಂದರೆ ಯಾರೋ ಷಟರ್ ಸರಿ ಮಾಡಲು ಹೋಗಿ ಎಣ್ಣೆ ಸಿಂಪಡಿಸಿದ್ದಾರೆ, ಅದು ಬೂಸಲಿಗಿಂತ ದೊಡ್ಡ ತೊಂದರೆ. ಷಟರನ್ನು ಬಿ ಗುರುತಿಗಿಟ್ಟು (ಒತ್ತಿ ಹಿಡಿದಷ್ಟು ಹೊತ್ತೂ ಅದು ತೆರೆದಿರುತ್ತದೆ) ತೆರೆದು ಹಿಡಿದು, ಮೊಬೈಲ್ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಡಿ, ಮುಂದಿನಿಂದ ನೋಡಿ. ಧೂಳಿನ ಕಣ ಎಲ್ಲದರಲ್ಲೂ ಇರುತ್ತದೆ, ಲೆಕ್ಕಕ್ಕಿಲ್ಲ. ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಮಂಜು ಕವಿದಂತಿದ್ದರೆ ಒರೆಸಿದರೆ ಹೋಗಬಹುದು, ಹೋಗದಿರಲೂಬಹುದು. ಒಂದು ಕಿವಿಮಾತು: ಫಂಗಸ್ ಮೇಲಿನ ಲೆನ್ಸಿನಲ್ಲಿ ಮಾತ್ರ ಇದ್ದರೆ ಚಿತ್ರಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಫಿಲ್ಮ್‌ಗೆ ಬೆಳಕು ಹೋಗುವುದು ಕೆಳಗಿನದರಿಂದ. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇರೆ ಸಿಗುವುದಿಲ್ಲ.

ಫೋಕಸ್ ಗುಂಡಿಯನ್ನು ತುದಿಯವರೆಗೆ ತಿರುಗಿಸಿ ಮುಂದಿನ ಫಲಕವನ್ನು ಪೂರ್ತಿ ಹೊರಗೆ ತನ್ನಿ. ಫಲಕಕ್ಕೂ ಮೈಗೂ ನಡುವಿನ ಸಂದು ನಾಲ್ಕು ಮೂಲೆಯಲ್ಲೂ ಒಂದೇ ಸಮ ಇರಬೇಕು. ಒಂದು ಕಡೆ ಕಿರಿದಾಗಿದ್ದರೆ ಕ್ಯಾಮೆರಾ ಎಂದೋ ಬಿದ್ದಿದೆ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಕೊಳ್ಳುವುದಿಲ್ಲ.

ನೋಡುವ ಗಾಜು ಮಂಕಾಗಿದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ದೋಷ ಕನ್ನಡಿಯದು. ಈ ಕನ್ನಡಿಯ ಬೆಳ್ಳಿ ಲೇಪ ಗಾಜಿನ ಮೇಲ್ಮೈಯಲ್ಲೇ ಇರುತ್ತದೆ, ಮನೆಯ ಕನ್ನಡಿಯಂತೆ ಹಿಂದೆ ಅಲ್ಲ. ಬಟ್ಟೆಯಿಂದ ಉಜ್ಜಿದರೆ ಲೇಪವೇ ಎದ್ದುಬರುತ್ತದೆ. ಹೊಸ ಕನ್ನಡಿ ಅಳತೆಗೆ ಕತ್ತರಿಸಿ ಕೂರಿಸಿದರೆ ಹಳೆಯ ಕ್ಯಾಮೆರಾದ ನೋಟಕ್ಕೆ ಮತ್ತೆ ಹೊಳಪು ಬರುತ್ತದೆ.

ಮನೆಗೆ ತಂದ ಮೇಲೆ ಮಾಡುವ ಪರೀಕ್ಷೆ ಒಂದಿದೆ, ಇದನ್ನು ಯಾರೂ ತಪ್ಪಿಸಬೇಡಿ. ಹಿಂಬಾಗಿಲು ತೆರೆದು, ಫಿಲ್ಮ್ ಓಡುವ ಕಂಬಿಗಳ ಮೇಲೆ ಬೆಳಕು ಹಾಯುವ ಮಸುಕು ಅಂಟುಪಟ್ಟಿಯನ್ನು ಬಿಗಿಯಾಗಿ ಎಳೆದು ಹಚ್ಚಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಷಟರನ್ನು ಬಿ ಗುರುತಿನಲ್ಲಿ ತೆರೆದು, ದೂರದ ಮೊಬೈಲ್ ಗೋಪುರವನ್ನೋ ದೇವಸ್ಥಾನದ ಕಳಶವನ್ನೋ ಮೇಲಿನ ಗಾಜಿನಲ್ಲಿ ಫೋಕಸ್ ಮಾಡಿ. ಈಗ ಅಂಟುಪಟ್ಟಿಯ ಮೇಲೆ ಬಿದ್ದ ತಲೆಕೆಳಗಾದ ಬಿಂಬವನ್ನು ಭೂತಗನ್ನಡಿಯಲ್ಲಿ ನೋಡಿ. ಎರಡೂ ಕಡೆ ಒಂದೇ ಸಲಕ್ಕೆ ಚೂಪಾಗಿ ಕಾಣಬೇಕು. ಮೇಲೆ ಚೂಪು, ಕೆಳಗೆ ಮಸುಕು ಎಂದಾದರೆ ಕನ್ನಡಿ ಸರಿದಿದೆ ಅಥವಾ ಮೇಲಿನ ಲೆನ್ಸನ್ನು ಯಾರೋ ಬಿಚ್ಚಿ ತಪ್ಪಾಗಿ ಕೂರಿಸಿದ್ದಾರೆ. ಮೆಕ್ಯಾನಿಕ್‌ಗೆ ಇದು ಸಣ್ಣ ಕೆಲಸ. ಪರೀಕ್ಷೆ ಮಾಡದೆ ಹೋದರೆ ರೋಲುಗಟ್ಟಲೆ ಫಿಲ್ಮ್ ದಂಡ, ಬೈಗುಳ ಮಾತ್ರ ಪಾಪದ ಲೆನ್ಸಿಗೆ.

ಎಲ್ಲಿ ಹುಡುಕುವುದು? ಬೆಂಗಳೂರಿನವರಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆಯ ಭಾನುವಾರದ ಬಜಾರ್ ಇದೆ. ಬೆಳಿಗ್ಗೆ ಬೇಗ ಹೋಗಬೇಕು, ಸಿಕ್ಕರೆ ಅದೃಷ್ಟ. ಜಪಾನಿನಿಂದ ಆನ್‌ಲೈನ್‌ನಲ್ಲಿ ತರಿಸುವವರು ಅಂಚೆ ವೆಚ್ಚ, ಆಮದು ಸುಂಕ ಎರಡನ್ನೂ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಅತ್ಯುತ್ತಮ ಸ್ಥಿತಿ ಎಂಬ ದೊಡ್ಡಕ್ಷರದ ಸಾಲನ್ನು ಬಿಟ್ಟು ಕೆಳಗಿನ ಸಣ್ಣಕ್ಷರದ ವಿವರ ಓದಿ, ಫಂಗಸ್ ಇದೆ ಎಂಬುದು ಅಲ್ಲಿ ಇರುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ನಮ್ಮ ತಾಲ್ಲೂಕು ಕೇಂದ್ರಗಳ ಹಳೆಯ ಸ್ಟುಡಿಯೊಗಳು.

ಅಲ್ಲಿಗೆ ಹೋದಾಗ ಕ್ಯಾಮೆರಾದ ಬೆಲೆ ಕೇಳುವ ಮೊದಲು ನೆಗೆಟಿವ್‌ಗಳು ಎಲ್ಲಿವೆ ಎಂದು ಕೇಳಿ ಎಂದು ನಿಮ್ಮನ್ನೆಲ್ಲ ಬೇಡಿಕೊಳ್ಳುತ್ತೇನೆ. ಕ್ಯಾಮೆರಾವನ್ನು ಎಲ್ಲರೂ ಕೊಳ್ಳುತ್ತಾರೆ. ಅಟ್ಟದ ಮೇಲಿನ ತಗಡಿನ ಡಬ್ಬಿಗಳಲ್ಲಿ ಬಟರ್ ಪೇಪರ್ ಸುತ್ತಿಟ್ಟ ಚೌಕ ನೆಗೆಟಿವ್‌ಗಳನ್ನು ಯಾರೂ ಕೇಳುವುದಿಲ್ಲ. ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹಾಕಿದ್ದು, ಗೆದ್ದಲು ತಿಂದದ್ದು, ಸ್ಟುಡಿಯೊ ಮುಚ್ಚಿದ ದಿನ ತಿಪ್ಪೆಗೆ ಸುರಿದದ್ದು, ಹೀಗೆ ಎಷ್ಟೋ ಊರಿನ ಐವತ್ತು ವರ್ಷದ ಮುಖಗಳೇ ಅಳಿದುಹೋಗಿವೆ. ಶಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮಾಯರ್ ರೋಲಿಫ್ಲೆಕ್ಸ್ ಹಿಡಿದು ಬೀದಿ ಬೀದಿ ಸುತ್ತಿ ತೆಗೆದ ಚಿತ್ರಗಳು ಜಗತ್ತಿಗೆ ತಿಳಿದದ್ದು 2007ರಲ್ಲಿ ಆಕೆಯ ಪೆಟ್ಟಿಗೆಗಳು ಹರಾಜಿಗೆ ಬಂದಾಗ. ಬಾಡಿಗೆ ಕಟ್ಟದ ಗೋದಾಮಿನಲ್ಲಿದ್ದ ಪೆಟ್ಟಿಗೆಗಳವು. ಕೊಂಡವರು ಬಿಚ್ಚಿ ನೋಡದೇ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಸ್ಟುಡಿಯೊಗಳ ಡಬ್ಬಿಗಳನ್ನೂ ಒಮ್ಮೆ ಬಿಚ್ಚಿ ನೋಡೋಣ. ಮಾಲೀಕರ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ, ಒಂದು ಪ್ರತಿ ಅವರ ಮನೆಯವರಿಗೆ ಕೊಡಿ. ಆ ಫೋಟೊಗ್ರಾಫರ್ ಬದುಕಿದ್ದರೆ ಕೂತು ಮಾತನಾಡಿಸಿ: ಯಾವ ವರ್ಷ ಕೊಂಡದ್ದು, ಫಿಲ್ಮ್ ಎಲ್ಲಿಂದ ಬರುತ್ತಿತ್ತು, ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ಫಿಲ್ಮ್ ಬಳಸಿದ್ದರೇ, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಮುಖದ ಕಲೆ ಅಳಿಸುತ್ತಿದ್ದದ್ದು ಹೇಗೆ. ಬರೆದುಕೊಂಡು ಕ್ಯಾಮೆರಾದ ಜೊತೆಗೇ ಇಡಿ. ಹಾಗೆ ಬಂದ ಒಂದು ಸವೆದ ಯಾಶಿಕಾವನ್ನು ನಾನು ಮಿರುಗುವ ಹತ್ತು ಕ್ಯಾಮೆರಾಗಳಿಗಿಂತ ಮೇಲೆಂದು ಎಣಿಸುತ್ತೇನೆ.

ಸಂಗ್ರಹ ಎಂದರೆ ಸಿಕ್ಕಿದ್ದನ್ನೆಲ್ಲ ಪೇರಿಸುವುದಲ್ಲ. ಒಂದು ಎಳೆ ಹಿಡಿಯಿರಿ. ಯಾಶಿಮಾದ 1953ರ ಕ್ಯಾಮೆರಾದಿಂದ 1986ರ 124ಜಿವರೆಗೆ ಒಂದೇ ಕಂಪನಿಯ ಹಾದಿ ಹಿಡಿಯಬಹುದು, ಅಥವಾ ನಿಮ್ಮ ಜಿಲ್ಲೆಯ ಸ್ಟುಡಿಯೊಗಳಲ್ಲಿ ಬಳಸಿದವನ್ನೇ ಕೂಡಿಸಬಹುದು. ಕೊಂಡದ್ದೆಲ್ಲ ವರ್ಷಕ್ಕೊಮ್ಮೆಯಾದರೂ ಒಂದು ರೋಲ್ ಕಾಣಬೇಕು. ಓಡಿಸದ ಷಟರ್ ಬಿಗಿಯುತ್ತದೆ. ಕರಾವಳಿ, ಮಲೆನಾಡಿನವರು ಚರ್ಮದ ಚೀಲದೊಳಗೆ ಕ್ಯಾಮೆರಾ ಇಡಲೇಬಾರದು. ಚರ್ಮ ಮಳೆಗಾಲದ ತೇವ ಹೀರಿ ಹಿಡಿದುಕೊಳ್ಳುತ್ತದೆ, ಫಂಗಸ್ ಹಬ್ಬುವುದು ಅಲ್ಲಿಂದಲೇ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕುವುದು, ಇಷ್ಟು ಸಾಕು. ಎತ್ತಿಡುವಾಗ ಷಟರ್ ಏರಿಸಿಡಬೇಡಿ, ಸ್ಪ್ರಿಂಗ್ ಸೋಲುತ್ತದೆ.

ಇನ್ನು ಪ್ರಶ್ನೆಗಳು.

ಮೀಟರ್ ಇಲ್ಲದೆ ಬೆಳಕು ಅಳೆಯುವುದು ಹೇಗೆ ಎಂದು ಯುವತಿಯೊಬ್ಬರು ಕೇಳಿದರು. ಮೊಬೈಲ್‌ನಲ್ಲಿ ಬೆಳಕು ಅಳೆಯುವ ಆ್ಯಪ್‌ಗಳಿವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅದಕ್ಕಿಂತ ಮೊದಲು ಒಂದು ಹಳೆಯ ಸೂತ್ರ ಬಾಯಿಪಾಠ ಮಾಡಿಕೊಳ್ಳಿ: ಮೋಡವಿಲ್ಲದ ಬಿಸಿಲಿನಲ್ಲಿ 100 ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಂಕಿ) ಫಿಲ್ಮ್‌ಗೆ ಎಫ್16, ಷಟರ್ 1/100ರ ಹತ್ತಿರ. ಹಳೆಯ ಷಟರಿನಲ್ಲಿ 1/100 ಇರಬಹುದು, ಹೊಸದರಲ್ಲಿ 1/125, ಯಾವುದಾದರೂ ನಡೆಯುತ್ತದೆ. ಕಪ್ಪುಬಿಳುಪು ನೆಗೆಟಿವ್‌ಗೆ ಅನುಮಾನವಿದ್ದಾಗ ಬೆಳಕು ಒಂದಿಷ್ಟು ಹೆಚ್ಚಿಗೇ ಕೊಡಿ.

ಫಿಲ್ಮ್ ದುಬಾರಿಯಾಗಿದೆ, ಹನ್ನೆರಡೇ ಚಿತ್ರಕ್ಕೆ ಅಷ್ಟು ಹಣವೇ ಎಂಬುದು ಇನ್ನೊಬ್ಬರ ಪ್ರಶ್ನೆ. ನಿಜ, ದುಬಾರಿ. ಕಪ್ಪುಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆದರೆ ಅರ್ಧ ಭಾರ ಇಳಿಯುತ್ತದೆ. ಡಿ-76 ಡೆವಲಪರ್, ಫಿಕ್ಸರ್, ಒಂದು ಟ್ಯಾಂಕ್, ಫಿಲ್ಮ್ ಸುತ್ತಲು ಕತ್ತಲೆ ಚೀಲ. ಬಚ್ಚಲುಮನೆಯೇ ಸಾಕು. ನಮ್ಮ ಬೇಸಿಗೆಯಲ್ಲಿ ನೀರನ್ನು ಐಸ್ ಇಟ್ಟು 20 ಡಿಗ್ರಿಗೆ ತಣಿಸಿಕೊಳ್ಳಬೇಕು ಎನ್ನುವುದೊಂದೇ ಹೆಚ್ಚಿನ ಕೆಲಸ.

ಷಟರ್ ಕೂತಿದೆ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಡಬಹುದೇ ಎಂದು ಕೇಳಿದವರಿಗೆ: ಬೇಡ, ಖಂಡಿತ ಬೇಡ. ಈ ಷಟರ್‌ಗಳ ಎಲೆಗಳು ಒಣಗಿದ್ದಾಗಲೇ ಓಡುವುದು. ಎಣ್ಣೆ ಬಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಿಂದ ಲೆನ್ಸಿನ ಗಾಜಿಗೂ ಹರಡುತ್ತದೆ. ಬಿಚ್ಚಿ ತೊಳೆಯುವುದೊಂದೇ ದಾರಿ, ಅದನ್ನು ಕೈ ಪಳಗಿದವರೇ ಮಾಡಲಿ.

ಕೊನೆಯದಾಗಿ ಹಿರಿಯರೊಬ್ಬರು, ತಮ್ಮ ತಂದೆಯವರ ರೋಲಿಕಾರ್ಡ್ ಬೀರುವಿನಲ್ಲಿದೆ, ಬಹಳ ವರ್ಷದಿಂದ ಯಾರೂ ಮುಟ್ಟಿಲ್ಲ, ಮೊದಲು ಏನು ಮಾಡಲಿ ಎಂದು ಕೇಳಿದರು. ಸರ್, ಹಿಂಬಾಗಿಲು ತೆರೆಯಬೇಡಿ. ಫಿಲ್ಮ್ ಸುತ್ತುವ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ. ಸುಮ್ಮನೆ ತಿರುಗಿದರೆ ಒಳಗೆ ಏನೂ ಇಲ್ಲ. ಎಳೆದಂತೆ ತಡೆ ಸಿಕ್ಕಿದರೆ ಫಿಲ್ಮ್ ಇರಬಹುದು. ಒಂದು ಚಿತ್ರದಷ್ಟು ಸುತ್ತಿ ಗುಂಡಿ ನಿಂತುಬಿಟ್ಟರೆ ಬಲ ಹಾಕಬೇಡಿ. ಲೆನ್ಸನ್ನು ಅಂಗೈಯಿಂದ ಮುಚ್ಚಿ ಷಟರ್ ಒತ್ತಿ, ಮತ್ತೆ ಸುತ್ತಿ. ಹೀಗೆ ತಡೆ ಪೂರ್ತಿ ತಪ್ಪುವವರೆಗೂ ಮಾಡಿ, ಮಬ್ಬು ಬೆಳಕಿನ ಕೋಣೆಯಲ್ಲಿ ತೆರೆಯಿರಿ, ರೋಲ್ ಸಡಿಲವಾಗದಂತೆ ಅಂಟಿಸಿ ಕಪ್ಪು ಕಾಗದದಲ್ಲಿ ಸುತ್ತಿ. ಯಾವ ಫಿಲ್ಮ್ ಎಂದು ರೋಲಿನ ಕಾಗದದ ಮೇಲೆ ಬರೆದಿರುತ್ತದೆ, ತೊಳೆಯುವವರಿಗೆ ಅದನ್ನೂ ಅಂದಾಜು ವರ್ಷವನ್ನೂ ತಿಳಿಸಿ. ಕಪ್ಪುಬಿಳುಪು ಆಗಿದ್ದರೆ ಇಷ್ಟು ವರ್ಷದ ನಂತರವೂ ಚಿತ್ರ ಬರುವ ಸಾಧ್ಯತೆ ಇದೆ. ಕ್ಯಾಮೆರಾವನ್ನು ಸರ್ವಿಸ್‌ಗೆ ಕೊಡುವ ಕೆಲಸ ಅದಾದ ಮೇಲೆ.